ಬಿದ್ದುಹೋದ ಸೊನ್ನೆ

ಶಿಕಾರಿಪುರ
14 ಫೆಬ್ರವರಿ 2026, ಶನಿವಾರ

ಮಹಾಂತೇಶ್ ಅವರಿಗೆ,

ನಮಸ್ಕಾರ. ಒಂದು ಮಾತನ್ನು ಈ ಪತ್ರದಿಂದ ಬಿಟ್ಟೇಬಿಡುವವಳಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೊನೆಗೆ ಬರುವಷ್ಟರಲ್ಲಿ ಬಿಡುವುದಕ್ಕೆ ಒಳ್ಳೆಯ ಕಾರಣವೊಂದನ್ನು ಹುಡುಕಿಕೊಂಡಿರುತ್ತೇನೆ. ಊರ ಕೆರೆಯ ನೀರಿನ ಪಾಳಿ ಈ ಸಲ ತಪ್ಪಿದ್ದು ಸಂಘದ ಕಂಪ್ಯೂಟರಿಗೆ ನೀವು ಬರೆದ ಫಂಕ್ಷನ್ನಿನಿಂದ. ಅದು ಗೊತ್ತಾದ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಗಾಬರಿ, ಬೇಸರ, ನೀರಗಂಟಿ ಆನಂದಪ್ಪನ ಬಗ್ಗೆ ಮರುಕ, ಎಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಸಂತೋಷ, ಮತ್ತು ಅದು ತಪ್ಪು ಸಿಕ್ಕಿತು ಎನ್ನುವ ಕೆಲಸದ ಸಂತೋಷವಾಗಿರಲಿಲ್ಲ. ತಪ್ಪು ನಿಮ್ಮದು ಎನ್ನುವುದಕ್ಕೆ ಆದ ಸಂತೋಷ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ನೀವು ಸೊರಬಕ್ಕೆ ಹೋದ ಈ ಎರಡು ವರ್ಷದಲ್ಲಿ ನಮ್ಮ ಫೋನಿನ ಮಾತುಗಳು ಹೇಗೆ ಮುಗಿಯುತ್ತವೆ ಎಂದು ಇಬ್ಬರಿಗೂ ಗೊತ್ತು. ನೀವು "ಆಯ್ತು, ನೋಡೋಣ" ಎನ್ನುತ್ತೀರಿ, ನಾನು "ಸರಿ" ಎನ್ನುತ್ತೇನೆ, ಗ್ಯಾಸ್ ಬುಕ್ ಮಾಡಿದೆಯಾ ಎಂದು ಕೇಳಿ ಇಡುತ್ತೀರಿ. ಈ ವಿಷಯ "ನೋಡೋಣ"ದಲ್ಲಿ ಮುಗಿಯುವಂಥದ್ದಲ್ಲ. ಒಬ್ಬ ಮನುಷ್ಯನನ್ನು ಮುಂದಿನ ಶುಕ್ರವಾರ ಊರ ಮುಂದೆ ನಿಲ್ಲಿಸುತ್ತಾರೆ.

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಇರುತ್ತದೆ. ಇರಲಿ. ಶುಕ್ರವಾರ ಸಭೆಯಲ್ಲಿ ಯಾರಾದರೂ ಒಬ್ಬರು ಇದನ್ನು ಕಂಪ್ಯೂಟರ್ ಮುಟ್ಟದವರಿಗೂ ತಿಳಿಯುವಂತೆ ಹೇಳಬೇಕಾಗುತ್ತದೆ. ಆ ಮಾತುಗಳನ್ನು ಇಲ್ಲೇ ಹದಮಾಡಿಕೊಳ್ಳುತ್ತಿದ್ದೇನೆ.

ಸಂಕ್ರಾಂತಿಗೆ ಊರಿಗೆ ಬಂದಾಗ ಕೆರೆ ಸಂಘದ ಪ್ರೋಗ್ರಾಮನ್ನು ನೀವು ಒಂದೇ ದಿನದಲ್ಲಿ ಬದಲಿಸಿಕೊಟ್ಟು ಹೋದಿರಲ್ಲ, ಅದಾದ ಮೇಲೆ ಬೇಸಿಗೆ ಭತ್ತಕ್ಕೆ ಮೊದಲ ಪಾಳಿ ಬಿಟ್ಟರು. ಬಿಟ್ಟವನು ನೀರಗಂಟಿ ಆನಂದಪ್ಪನೇ. ಎಂದಿನಂತೆ ಸಂಘದ ಮಿಷನ್ನಿನಿಂದ ಚೀಟಿ ಬಂತು: ಇಂಥವರ ಗದ್ದೆಗೆ ಇಷ್ಟು ಗಂಟೆ. ಅವನು ಚೀಟಿ ಹಿಡಿದು ಗದ್ದೆ ಗದ್ದೆಗೆ ನೀರು ತಿರುಗಿಸುತ್ತಾ ಹೋದ. ಆದರೆ ಪಾಳಿ ಬೇಗನೇ ಮುಗಿದುಹೋಯಿತು. ಕೆರೆಯಲ್ಲಿ ನೀರಿದೆ, ತೂಬು ಮುಚ್ಚಿದೆ, ಕೆಲವರ ಗದ್ದೆಯಲ್ಲಿ ನಾಟಿಯ ಬುಡ ಬಿರುಕು ಬಿಟ್ಟಿದೆ. ಕೇಳಿದರೆ ಆನಂದಪ್ಪ ಹೇಳಿದ್ದು ಒಂದೇ ಮಾತು: "ಚೀಟಿಯಾಗೆ ಹಂಗೇ ಇತ್ತು." ಚೀಟಿ ಎಲ್ಲಿ ಎಂದರೆ, ಅವನ ಅಂಗಿಯ ಜೇಬಿನಲ್ಲಿ ನೆನೆದು ಮುದ್ದೆಯಾಗಿತ್ತು.

ಅವನ ಸ್ವಂತ ಗದ್ದೆಗೆ ಮಾತ್ರ ನೀರು ಪೂರ್ತಿಯಾಗಿ ಹಾಯ್ದಿತ್ತು. ನೀರಗಂಟಿಯ ಗದ್ದೆಗೆ ಎಲ್ಲರದೂ ಆದ ಮೇಲೆ ಕೊನೆಗೆ ನೀರು ಎನ್ನುವುದು ನಮ್ಮೂರ ಕಟ್ಟಳೆ. ಕೊನೆಯವನಿಗೆ ತುಂಬಿದೆ, ನಡುವಿನವರಿಗೆ ಒಣಗಿದೆ. ಊರು ಇನ್ನೇನು ತಿಳಿದುಕೊಳ್ಳಬೇಕು? ನಡುವಿನವರ ನೀರನ್ನು ಬೇಗ ಕಟ್ಟಿ ತನ್ನ ಗದ್ದೆ ತುಂಬಿಸಿಕೊಂಡ ಎಂದರು. ಹೆಚ್ಚು ಸಿಟ್ಟಾದವರು ನಿಮ್ಮ ಅಣ್ಣ. ಸಂಘದ ಅಧ್ಯಕ್ಷರು ಅವರೇ, ಒಣಗಿದ ಗದ್ದೆಗಳಲ್ಲಿ ಅವರದೂ ಒಂದು. ನಿಮ್ಮ ಪಾಲಿನದೂ ಒಂದು. ಅದನ್ನೂ ಅವರೇ ಮಾಡಿಸುತ್ತಾರಲ್ಲ, ಹಾಗಾಗಿ ಎರಡು ಪಟ್ಟು ಸಿಟ್ಟು.

ಮಂಗಳವಾರ ಸದಾಶಿವಪ್ಪ ಭಾವ ನನಗೆ ಫೋನ್ ಮಾಡಿದರು. ಪಾಳಿಯ ಸರಿಯಾದ ಪಟ್ಟಿಯನ್ನು ಮಿಷನ್ನಿನಿಂದ ತೆಗೆದುಕೊಡಬೇಕು, ಸಭೆಯಲ್ಲಿ ಓದಿ ಆನಂದಪ್ಪನ ಬಾಯಿ ಮುಚ್ಚಿಸಬೇಕು ಎಂದರು. ನಾನು ನಾಲ್ಕಾರು ಸಹಕಾರ ಸಂಘಗಳ ಡೇಟಾಬೇಸ್ ನೋಡಿಕೊಳ್ಳುವವಳು ಎನ್ನುವುದು ಅವರಿಗೆ ಬೇಕಾದಾಗ ನೆನಪಾಗುತ್ತದೆ. ನಿಮ್ಮನ್ನೇ ಕೇಳಬಹುದಿತ್ತಲ್ಲ ಎಂದರೆ, "ಅವನಿಗೆ ಕಾಲೇಜಾಗೆ ಪರೀಕ್ಷೆ ನಡೀತೈತಂತೆ. ನೀನು ಬಾರವ್ವ, ಒಂದು ಗುಂಡಿ ಒತ್ತೋ ಕೆಲಸ" ಎಂದರು. ತಾಳಗುಂದದ ಬಸ್ಸಿನಲ್ಲಿ ಹೋಗಿ ಕೈಕಂಬದಲ್ಲಿ ಇಳಿದು ನಡೆದೆ.

ಮನೆಯಲ್ಲಿ ನಿಮ್ಮ ಅತ್ತಿಗೆ ರಾಜೇಶ್ವರಕ್ಕ ಬಾಗಿಲಲ್ಲೇ, "ಬಂದ್ಲಪ್ಪ ಇಂಗ್ಲಿಷ್ ಎಕರೆ" ಎಂದರು. ನಿಮಗೆ ಈ ಹೆಸರು ನೆನಪಿದೆಯೋ ಇಲ್ಲವೋ. ಮದುವೆಯಾದ ಹೊಸತರಲ್ಲಿ ಮಾವನವರು ಪಹಣಿ ಕೊಟ್ಟು ನಮ್ಮ ಗದ್ದೆ ಎಷ್ಟಿದೆ ಓದು ನೋಡೋಣ ಎಂದಿದ್ದರು. ಮೂರು, ಪಾಯಿಂಟ್, ಇಪ್ಪತ್ತು ಎಂದು ಓದಿ, ಮೂರು ಎಕರೆ ಮತ್ತು ಐದನೇ ಒಂದು ಭಾಗ ಎಂದು ಲೆಕ್ಕ ಹಾಕಿ ಹೇಳಿದ್ದೆ. ನಮ್ಮ ಶಾಲೆಯಲ್ಲಿ ಪಾಯಿಂಟಿನ ಆಚೆ ಇರುವುದೆಲ್ಲ ಹತ್ತರಲ್ಲಿ, ನೂರರಲ್ಲಿ. ಪಾಯಿಂಟಿನ ಆಚೆಗೆ ಗುಂಟೆ ಇರುತ್ತದೆ, ನಲವತ್ತು ಗುಂಟೆಗೆ ಒಂದು ಎಕರೆಯಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರೂವರೆ ಎಕರೆ ಗದ್ದೆಯನ್ನು ಒಂದೇ ಉಸಿರಿನಲ್ಲಿ ಕಡಿಮೆ ಮಾಡಿಬಿಟ್ಟಳು ಸೊಸೆ ಎಂದು ಮನೆಯೆಲ್ಲ ನಕ್ಕಿತ್ತು. ನೀವು ನಕ್ಕಿರಲಿಲ್ಲ. ಆಮೇಲೆ ನೀವೇ ಹಾಳೆಯ ಮೇಲೆ ಚೌಕ ಬರೆದು, ಅದನ್ನು ನಲವತ್ತು ಮಾಡಿ ತೋರಿಸಿದ್ದಿರಿ.

ಸಂಘದ ಕೋಣೆಯಲ್ಲಿ ಭಾವ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಮೊದಲು ಗದ್ದೆಗಳ ವಿವರ ತೆಗೆದೆ. ಎಲ್ಲ ಸರಿಯಾಗಿತ್ತು. ಭಾವನ ಹೆಸರಿನ ಮುಂದೆ 1.20, ನಿಮ್ಮ ಹೆಸರಿನ ಮುಂದೆ 1.20. ಉಳಿದ ಅರ್ಧ ಎಕರೆ ಅತ್ತೆಯವರ ಹೆಸರಿನಲ್ಲಿ ಬೇರೆ. "ನೋಡು, ಒಂದೂವರೆ ಎಕರೆ. ಎಕರೆಗೆ ನಾಲ್ಕು ಗಂಟೆ ಅಂದ್ರೆ ಆರು ಗಂಟೆ ನೀರು. ಆ ಮಗ ನಾಲ್ಕು ಗಂಟೆಗೆ ಕಟ್ಟಿದಾನೆ. ಮಿಷನ್ ಸುಳ್ಳು ಹೇಳ್ತದಾ?" ಎಂದರು. ನಾನೂ ಹಾಗೇ ಅಂದುಕೊಂಡೆ. ಪಟ್ಟಿ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಡಬಹುದು ಎಂದೂ ಅಂದುಕೊಂಡೆ. ಚೀಟಿ ಅಚ್ಚು ಹಾಕುವ ಗುಂಡಿ ಒತ್ತಿದೆ.

ಚೀಟಿಯಲ್ಲಿ ಭಾವನಿಗೆ ನಾಲ್ಕು ಗಂಟೆ ಹನ್ನೆರಡು ನಿಮಿಷ ಎಂದು ಬಂತು.

ಭಾವ ಅದನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದರು. ಇನ್ನೊಂದು ಸಲ ಒತ್ತು ಎಂದರು. ಅದೇ ಬಂತು. ಪ್ರಿಂಟರಿಗೆ ಒಂದು ಏಟು ಹಾಕಿದರು. ಮತ್ತೆ ಅದೇ.

ಆಗ ನಿಮ್ಮ ಫಂಕ್ಷನ್ ತೆರೆದೆ. ಇದನ್ನು ನಿಮಗೆ ಹೇಳಲೇಬೇಕು: ಅದನ್ನು ಚೆನ್ನಾಗಿ ಬರೆದಿದ್ದೀರಿ. ಒಬ್ಬರಿಗೆ ಎರಡು ಮೂರು ಕಡೆ ಗದ್ದೆಯಿದ್ದರೆ ಎಲ್ಲ ಕೂಡಿಸಿ ಒಂದೇ ವಿಸ್ತೀರ್ಣ ಕೊಡುವಂತೆ ಮಾಡಿದ್ದೀರಿ. ಗುಂಟೆಗಳನ್ನು ಬೇರೆ ಕೂಡಿಸಿ, ನಲವತ್ತಾದ ಕೂಡಲೇ ಎಕರೆಗೆ ಒಂದು ಏರಿಸಿ, ಉಳಿದದ್ದನ್ನು ಪಾಯಿಂಟಿನ ಆಚೆ ಇಟ್ಟಿದ್ದೀರಿ. ಲೆಕ್ಕದಲ್ಲಿ ಒಂದು ಕೂದಲೆಳೆಯ ತಪ್ಪಿಲ್ಲ. ನಾನು ಸಾಲು ಸಾಲಾಗಿ ಎರಡು ಸಲ ಓದಿದೆ, ಸಿಗಲಿಲ್ಲ.

ಕೆಲಸದಲ್ಲಿ ಹೀಗಾದಾಗ ನಾನು ಮಾಡುವ ಒಂದು ಅಭ್ಯಾಸ ಇದೆ. ಫಂಕ್ಷನ್ ಏನು ಉತ್ತರ ಕೊಟ್ಟಿತು ಎಂದು ಕೇಳುವುದನ್ನು ನಿಲ್ಲಿಸಿ, ಅದು ಎಂಥ ಉತ್ತರ ಕೊಡುತ್ತೇನೆಂದು ಒಪ್ಪಿಕೊಂಡಿದೆ ಎಂದು ಕೇಳುತ್ತೇನೆ. ತನ್ನೊಳಗೆ ನಾವು ಬರೆದಿಟ್ಟ ಪ್ರತಿ ಫಂಕ್ಷನ್ನಿನ ಬಗ್ಗೆಯೂ ಡೇಟಾಬೇಸ್ ಒಂದು ವಿವರ ಇಟ್ಟುಕೊಂಡಿರುತ್ತದೆ: ಇದರ ಹೆಸರು ಇದು, ಇದು ಹಿಂತಿರುಗಿಸುವುದು ಅಕ್ಷರವನ್ನೋ ಸಂಖ್ಯೆಯನ್ನೋ, ಸಂಖ್ಯೆಯಾದರೆ ಪಾಯಿಂಟಿನ ಆಚೆ ಎಷ್ಟು ಅಂಕಿ. ಆ ಕೊನೆಯ ಜಾಗವನ್ನು ಕೇಳಿದೆ. ಖಾಲಿ ಎಂದು ಬಂತು. ಸೊನ್ನೆ ಎಂದಿದ್ದರೆ ಬೇರೆ. ಸೊನ್ನೆ ಎಂದರೆ ಪಾಯಿಂಟಿನ ಆಚೆ ಏನೂ ಬೇಡ ಎಂದು ಯಾರೋ ಹೇಳಿದ್ದಾರೆ ಎಂದರ್ಥ. ಇದು ಖಾಲಿ. ಎಷ್ಟು ಅಂಕಿ ಬೇಕೆಂದು ಯಾರೂ ಹೇಳಿಯೇ ಇಲ್ಲ.

ಗದ್ದೆಯ ವಿವರದಲ್ಲಿ ಎರಡು ಅಂಕಿ ಎಂದು ಗಟ್ಟಿಯಾಗಿ ಹೇಳಿದ್ದೀರಿ, ಆದ್ದರಿಂದ ಅಲ್ಲಿ 1.20 ಎಂದೇ ನಿಲ್ಲುತ್ತದೆ. ಫಂಕ್ಷನ್ನಿಗೆ ಬರೀ ಫ್ಲೋಟ್, ಅಂದರೆ ಪಾಯಿಂಟಿರುವ ಯಾವುದೋ ಒಂದು ಸಂಖ್ಯೆ, ಎಂದು ಹೇಳಿ ಬಿಟ್ಟಿದ್ದೀರಿ. ಅದಕ್ಕೆ ಕೊನೆಯ ಸೊನ್ನೆ ಇಟ್ಟುಕೊಳ್ಳುವ ಜವಾಬ್ದಾರಿ ಇಲ್ಲ. 1.20 ಹೋಗಿ 1.2 ಬಂತು. ಚೀಟಿ ಬರೆಯುವ ಭಾಗ ಅದನ್ನು ಪಾಯಿಂಟಿನಲ್ಲಿ ಎರಡು ತುಂಡು ಮಾಡಿ, ಎಡದ್ದು ಎಕರೆ, ಬಲದ್ದು ಗುಂಟೆ ಎಂದು ಓದಿತು. ಒಂದು ಎಕರೆ ಎರಡು ಗುಂಟೆ. ಗಣಿತಕ್ಕೆ ಎರಡೂ ಒಂದೇ ಸಂಖ್ಯೆ. ನಮ್ಮೂರಲ್ಲಿ ಅವುಗಳ ನಡುವೆ ಹದಿನೆಂಟು ಗುಂಟೆ ಗದ್ದೆ ಇದೆ.

ನನಗೆ ಸಂತೋಷವಾದದ್ದು ಇಲ್ಲಿ. "ಇಂಗ್ಲಿಷ್ ಎಕರೆ" ಎಂದು ಇಪ್ಪತ್ತು ವರ್ಷ ಕರೆಸಿಕೊಂಡವಳು ನಾನು. ಚೌಕ ಬರೆದು ಕಲಿಸಿದವರು ನೀವು.

ಭಾವನಿಗೆ ತಿಳಿಯುವಂತೆ ಹೇಳಬೇಕಾಯಿತು. ಯಾರಿಗೆ ಕಡಿಮೆಯಾಗಿದೆ ನೋಡಿ ಎಂದು ಒಬ್ಬೊಬ್ಬರದೇ ತೆಗೆದೆ. ಹತ್ತು ಗುಂಟೆ, ಇಪ್ಪತ್ತು ಗುಂಟೆ, ಮೂವತ್ತು ಗುಂಟೆ ಇರುವವರಿಗೆ ಮಾತ್ರ. ಹದಿನೈದು ಇದ್ದವರಿಗೆ ಇಲ್ಲ, ಇಪ್ಪತ್ತಮೂರು ಇದ್ದವರಿಗೆ ಇಲ್ಲ. ಕಾಲು, ಅರೆ, ಮುಕ್ಕಾಲು ಎಂದು ಅಣ್ಣತಮ್ಮಂದಿರು ಜಗಳವಿಲ್ಲದೆ ಸಮನಾಗಿ ಪಾಲು ಮಾಡಿಕೊಂಡ ಗದ್ದೆಗಳೇ ಅವೆಲ್ಲ. ಜಗಳವಾಡಿ ಬದು ಅಳೆಸಿ ಮೂರು ಗುಂಟೆ ಹೆಚ್ಚು ಕಸಿದುಕೊಂಡವರಿಗೆ ನೀರು ಪೂರ್ತಿ ಬಂದಿದೆ. ಭಾವನಿಗೆ ಇದು ಥಟ್ಟನೆ ಹಿಡಿಯಿತು. "ಅಂದ್ರೆ ವೀರಬಸಪ್ಪಂಗೆ ಸರಿಯಾಗಿ ಬಂದೈತೆ ಅನ್ನು" ಎಂದರು. ವೀರಬಸಪ್ಪ ತನ್ನ ತಮ್ಮನ ಜೊತೆ ಒಂದು ಬದುವಿಗಾಗಿ ಶಿಕಾರಿಪುರದ ಕೋರ್ಟಿಗೆ ಓಡಾಡಿದ್ದು ಊರಿಗೆಲ್ಲ ಗೊತ್ತಲ್ಲ. ಅವನದು ಮೂವತ್ತಮೂರು ಗುಂಟೆ. ಸರಿಯಾಗಿ ಬಂದಿತ್ತು.

ಆಮೇಲೆ ಆನಂದಪ್ಪನದು ತೆಗೆದೆ. ಒಂದು ಎಕರೆ ಹತ್ತೊಂಬತ್ತು ಗುಂಟೆ. ಅವನಪ್ಪನ ಕಾಲದಲ್ಲಿ ಅದೂ ಒಂದೂವರೆ ಎಕರೆಯೇ. ಕಾಲುವೆ ಅಗಲ ಮಾಡುವಾಗ ಬದಿಯ ಒಂದು ಗುಂಟೆ ಬಿಟ್ಟುಕೊಟ್ಟರಂತೆ, ಅದನ್ನು ಭಾವನೇ ಹೇಳಿದರು. ಆ ಒಂದು ಗುಂಟೆ ಊರಿಗೆ ಬಿಟ್ಟುಕೊಟ್ಟಿದ್ದಕ್ಕೆ ಅವನ ಅಂಕಿಯ ಕೊನೆಯಲ್ಲಿ ಸೊನ್ನೆ ಇಲ್ಲ. ಸೊನ್ನೆ ಇಲ್ಲದ್ದಕ್ಕೆ ನೀರು ಪೂರ್ತಿ ಬಂತು. ನೀರು ಪೂರ್ತಿ ಬಂದದ್ದಕ್ಕೆ ಕಳ್ಳನಾದ.

ಅವನಿಗೆ ಅನುಮಾನ ಬರಲಿಲ್ಲವೇ ಎಂದು ಭಾವನನ್ನೇ ಕೇಳಿದೆ. ಬಂದಿತ್ತಂತೆ. ಆದರೆ ಹಿಂದಿನ ವರ್ಷ ಒಬ್ಬರ ಗದ್ದೆಗೆ ನೆಲ ಒಣಗಿದೆ ಎಂದು ಕಣ್ಣಳತೆಯಲ್ಲಿ ಅರ್ಧ ಗಂಟೆ ಹೆಚ್ಚು ಬಿಟ್ಟಿದ್ದಕ್ಕೆ ಸಭೆಯಲ್ಲಿ ಅವನಿಗೆ ಬೈದಿದ್ದರು. "ನಿನ್ನ ಬುದ್ಧಿ ಓಡಿಸಬ್ಯಾಡ. ಚೀಟಿ ಎಷ್ಟು ಅನ್ನುತ್ತೋ ಅಷ್ಟು." ಹೇಳಿದ್ದು ಭಾವ. ಈ ಸಲ ಅವನು ಬುದ್ಧಿ ಓಡಿಸಲಿಲ್ಲ, ಚೀಟಿ ಎಷ್ಟು ಅಂದಿತೋ ಅಷ್ಟೇ ಬಿಟ್ಟ.

ಭಾವ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಕೆಟ್ಟ ಮನುಷ್ಯರಲ್ಲ ಅವರು, ನಿಮಗೇ ಗೊತ್ತು. ಇದನ್ನು ಸರಿ ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಒಂದು ಸಾಲು, ಐದು ನಿಮಿಷ ಎಂದೆ. "ಹಂಗಾದ್ರೆ ಮಾಡಿಬಿಡವ್ವ. ಇಪ್ಪತ್ತೊಂದಕ್ಕೆ ಎರಡನೇ ಪಾಳಿ, ಎಲ್ಲರಿಗೂ ಸರಿಯಾಗಿ ಬರ್ತದೆ, ಮರೀತಾರೆ" ಎಂದರು. ಆನಂದಪ್ಪ ಎಂದೆ. "ಅವನಿಗೆ ವಯಸ್ಸಾತು, ಮಂಡಿನೋವು. ಹೆಂಗೂ ಒಂದಿನ ಬಿಡಿಸಬೇಕಿತ್ತು. ಇದೇ ನೆವ ಆಗ್ಲಿ" ಎಂದರು. ಆಮೇಲೆ ನಿಜವಾದ ಮಾತು ಬಂತು. ಕೆರೆಗೆ ಬಾಗಿನ ಕೊಟ್ಟ ದಿನ ಊರೆಲ್ಲ ಸೇರಿ ನಿಮಗೆ ಶಾಲು ಹೊದಿಸಿದ್ದು, ಸುತ್ತಲ ಊರಿನವರು ಬಂದು ಈ ಚೀಟಿ ಪದ್ಧತಿ ನೋಡಿಕೊಂಡು ಹೋಗಿದ್ದು, ಈಸೂರು ಕಡೆಯವರೂ ಕೇಳುತ್ತಿರುವುದು. "ತಮ್ಮನ ಮರ್ಯಾದೆ. ನಿನ್ನ ಗಂಡ ಅವನು. ನೀನೇ ನಾಕು ಜನದ ಮುಂದೆ ಅವನ ತಪ್ಪು ಅಂತೀಯಾ? ನೀವು ಬೇರೆ ಬೇರೆ ಇರೋದಕ್ಕೆ ಸೇಡು ತೀರಿಸ್ಕೊಂಡ್ಲು ಅಂತಾರೆ."

ನಾನು ಏನೂ ಹೇಳದೆ ಎದ್ದು ಬಂದೆ. ಫಂಕ್ಷನ್ನನ್ನೂ ಮುಟ್ಟಲಿಲ್ಲ.

ಗುರುವಾರ ದುರ್ಗಮ್ಮ ಬಂದಿದ್ದಳು, ಆನಂದಪ್ಪನ ಹೆಂಡತಿ. ಶಿಕಾರಿಪುರದಲ್ಲಿ ನನ್ನ ಕೋಣೆ ಹುಡುಕಿಕೊಂಡು ಮೆಟ್ಟಿಲು ಹತ್ತಿ ಬಂದು, ಸೆರಗಿನಲ್ಲಿ ಸುತ್ತಿ ತಂದದ್ದನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟಳು. ತೂಬಿನ ಕೀಲಿ. ಮೊಳಕೈ ಉದ್ದದ ಕಬ್ಬಿಣ. ಅವರ ಮನೆಯ ದೇವರ ಗೂಡಿನ ಕೆಳಗೆ ಅದು ಇರುವುದನ್ನು ನೀವು ನೋಡಿದ್ದೀರಿ. ಸದಾಶಿವಪ್ಪನವರಿಗೆ ಕೊಡಲು ಹೋದೆ, ಒಲ್ಲೆ ಅಂದರು ಎಂದಳು. ಸಭೆಯಲ್ಲಿ ಎಲ್ಲರ ಮುಂದೆ ಆನಂದಪ್ಪನ ಕೈಯಿಂದಲೇ ಕೆಳಗೆ ಇಡಿಸಿಕೊಳ್ಳುತ್ತಾರಂತೆ. "ಅದೊಂದು ಬ್ಯಾಡ ಗಂಗಕ್ಕ. ಕೀಲಿ ಹೋದ್ರೆ ಹೋಗ್ಲಿ, ಸುಗ್ಗಿಯಾಗೆ ಕೂಲಿ ಅಂತ ಬರೋ ಭತ್ತದ ಸಿವುಡೂ ಹೋಗ್ಲಿ. ಊರ ಮುಂದೆ ಬಗ್ಗಿ ಇಡೋದು ಬ್ಯಾಡ. ಮನುಷ್ಯ ಮೊದ್ಲೇ ಊಟ ಬಿಟ್ಟವ್ನೆ. ನೀವು ತಗೊಂಡು ಅವ್ರಿಗೆ ಕೊಟ್ಟುಬಿಡ್ರಿ."

ಆಮೇಲೆ ನನ್ನ ಕಂಪ್ಯೂಟರಿನ ಕಡೆ ನೋಡಿ ಹೇಳಿದಳು: "ನಿಮ್ಮ ಮನೆಯೋರ ಮಿಷನ್ನು ಸುಳ್ಳು ಹೇಳಲ್ಲ ಅಂತಾರೆ. ನಮ್ಮ ಮನೆಯೋರು ಸುಳ್ಳು ಹೇಳಲ್ಲ ಅಂತ ನಂಗೆ ಗೊತ್ತು. ಹಂಗಾದ್ರೆ ಗದ್ದೆನೇ ಸುಳ್ಳು ಹೇಳಿರಬೇಕು ಬಿಡ್ರಿ." ನಗಿಸಲು ಹೇಳಿದಳೋ ಚುಚ್ಚಲು ಹೇಳಿದಳೋ ಗೊತ್ತಾಗಲಿಲ್ಲ. ಮಜ್ಜಿಗೆ ಕೊಟ್ಟೆ. ಕುಡಿದು ಲೋಟ ತೊಳೆದಿಟ್ಟು ಹೋದಳು. ಕೀಲಿ ಇನ್ನೂ ಇಲ್ಲೇ ಇದೆ. ಈ ಹಾಳೆ ಹಾರದಂತೆ ಅದನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅವಳು ಹೋದ ಮೇಲೆ ನನ್ನ ಸಂತೋಷದ ಬಗ್ಗೆ ಯೋಚಿಸಿದೆ. ನೀವು ಸೊರಬಕ್ಕೆ ಹೊರಡುವ ಮುನ್ನ ಒಂದು ಸಂಜೆ ನಾನು ಕೇಳಿದ್ದೆ: ನಿಮಗೆ ನನ್ನ ಜೊತೆ ಇರಬೇಕು ಅನ್ನಿಸುತ್ತದೆಯೇ? ನೀವು ಪೇಪರಿನಿಂದ ಕಣ್ಣು ತೆಗೆಯದೆ "ಸುಮಾರಾಗಿ" ಎಂದಿರಿ. ಸುಮಾರಾಗಿ ಎಂದರೆ ಎಷ್ಟು ಎಂದೆ. ನೀವು ನಕ್ಕಿರಿ. ಆಮೇಲೆ ಟ್ರಂಕು ಕಟ್ಟುವಾಗ ನಾನು ಬರುತ್ತೇನೆ ಅನ್ನಲಿಲ್ಲ, ನೀವು ಬಾ ಅನ್ನಲಿಲ್ಲ. ಎರಡು ವರ್ಷ ಆ "ಸುಮಾರಾಗಿ"ಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಮಂಗಳವಾರ ಖಾಲಿ ಜಾಗ ಕಂಡಾಗ, ನೋಡಿ, ಈ ಮನುಷ್ಯ ಎಲ್ಲ ಕಡೆಯೂ ಹೀಗೇ ಎಂದು ಒಂದು ಪುರಾವೆ ಸಿಕ್ಕಿದಂತಾಯಿತು. ಅಷ್ಟೇ ಆ ಸಂತೋಷ. ಅದರಲ್ಲಿ ಆನಂದಪ್ಪ ಇರಲೇ ಇಲ್ಲ.

ಆದರೆ ಇನ್ನೊಂದು ಬದಿಯೂ ಇದೆ. ನನ್ನ ಕೆಲಸದಲ್ಲಿ ನಾನು ಮಾಡುವ ತಪ್ಪು ಉಲ್ಟಾ ಬಗೆಯದು. ಟೇಪು ಹಿಡಿದು ಗುಂಟೆಯ ಲೆಕ್ಕದಲ್ಲಿ ಅಳೆದ ನೆಲಕ್ಕೆ ಪಾಯಿಂಟಿನ ಆಚೆ ಆರು ಅಂಕಿ ತೋರಿಸುವಂತೆ ಬರೆಯುತ್ತೇನೆ. ನೋಡಲು ಬಹಳ ಖಚಿತ. ಅಳೆದವರಿಗೆ ಮಾತ್ರ ಗೊತ್ತು, ಕೊನೆಯ ನಾಲ್ಕು ಅಂಕಿ ಎಲ್ಲಿಂದಲೂ ಬಂದದ್ದಲ್ಲ ಎಂದು. ಇಲ್ಲದ ಅಂಕಿ ತೋರಿಸುವುದೂ ಸುಳ್ಳೇ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಸುಮಾರಾಗಿ ಎನ್ನುವಷ್ಟೇ ಆಗಿತ್ತು, ನೀವು ಇದ್ದಷ್ಟನ್ನು ಹೇಳಿದಿರಿ. ನಾನು ಅದಕ್ಕೆ ಆರು ಅಂಕಿ ಕೇಳಿದೆ. ಉತ್ತರ ಕೇಳುವ ಮೊದಲು ನಿಮ್ಮಿಂದ ಎಂಥ ಉತ್ತರ ಬರಬಲ್ಲದು ಎಂದು ಒಮ್ಮೆಯೂ ಕೇಳಲಿಲ್ಲ. ಯಂತ್ರಕ್ಕೆ ತೋರಿಸುವ ಆ ಮರ್ಯಾದೆಯನ್ನು ನಿಮಗೆ ತೋರಿಸಲಿಲ್ಲವೇನೋ. ಇದು ಸರಿಯೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಬರೆದಿದ್ದೇನೆ, ಇರಲಿ.

ಈ ಪತ್ರ ಬರೆಯುವುದು ನಮ್ಮಿಬ್ಬರ ಬಗ್ಗೆ ಅಲ್ಲ. ಕೇಳುವುದು ಇಷ್ಟೇ. 20ನೇ ತಾರೀಖು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕೆರೆಯ ಏರಿಯ ಬಳಿ ಸಭೆ. ಆನಂದಪ್ಪನನ್ನು ಕರೆಯುವ ಮೊದಲು ನೀವು ಎದ್ದು ನಿಂತು, ಚೀಟಿ ತಪ್ಪಿದ್ದು ನನ್ನಿಂದ ಎಂದು ಹೇಳಬೇಕು. ಹೇಗೆ ಎಂದು ವಿವರಿಸಬೇಕಾಗಿಲ್ಲ. ಸೊನ್ನೆ ಬಿದ್ದುಹೋಯಿತು ಎಂದರೆ ಸಾಕು, ಗುಂಟೆ ಗೊತ್ತಿರುವ ಜನ, ನಮಗಿಂತ ಬೇಗ ತಿಳಿದುಕೊಳ್ಳುತ್ತಾರೆ. ಆ ಸಾಲನ್ನು ತಿದ್ದುವುದನ್ನೂ ನಿಮಗೇ ಬಿಟ್ಟಿದ್ದೇನೆ. ನಾನು ತಿದ್ದಿಬಿಟ್ಟರೆ ನಾಳೆ ಯಾರು ಗುಂಡಿ ಒತ್ತಿದರೂ ಸರಿಯಾದ ಚೀಟಿಯೇ ಬರುತ್ತದೆ. ಆಗ ಊರಿನ ಕಣ್ಣಿಗೆ ತಪ್ಪಾಗಿ ಉಳಿಯುವವನು ಆನಂದಪ್ಪ ಒಬ್ಬನೇ.

ನೀವು ಬರದಿದ್ದರೆ ನಾನು ಹೇಳುತ್ತೇನೆ. ಇದು ಹೆದರಿಕೆಯಲ್ಲ. ನಾನು ಹೇಳಿದರೆ ಅದು ನಿಮ್ಮ ಬಗ್ಗೆ ನಾನು ಹೇಳಿದ ಮಾತಾಗುತ್ತದೆ, ಭಾವ ಅಂದಂತೆ ಸೇಡು ಎಂದೂ ಕೇಳಿಸುತ್ತದೆ, ಅರ್ಧ ಊರು ನಂಬುವುದಿಲ್ಲ. ಹಾಗಾದರೆ ಆನಂದಪ್ಪನ ಪಾಲಿಗೆ ಅರ್ಧ ನಿರಪರಾಧಿತ್ವವಷ್ಟೇ ಉಳಿಯುತ್ತದೆ. ನೀವು ಹೇಳಿದರೆ ಪೂರ್ತಿ.

ಪರೀಕ್ಷೆಯ ಕೆಲಸ ಇರುತ್ತದೆ ಎಂದು ಗೊತ್ತು. ಸೊರಬದಿಂದ ಬೆಳಗಿನ ಬಸ್ಸಿಗೆ ಹೊರಟರೆ ಸಭೆಗೆ ಮುಂಚೆ ತಲುಪುತ್ತೀರಿ. ಕಾಲಿಗೆ ಹಾಕಿದ ಪಟ್ಟಿ ತೆಗೆದರೇ? ಕಳೆದ ಸಲ ಕೇಳಬೇಕೆಂದಿದ್ದೆ, ಗ್ಯಾಸಿನ ಮಾತಿನಲ್ಲಿ ಮರೆಯಿತು.

ಇತಿ,
ಗಂಗಾಶ್ರೀ

ಮರೆತ ಮಾತು (ಭಾನುವಾರ, ಶಿವರಾತ್ರಿ):

ನಿನ್ನೆ ಬರೆದದ್ದನ್ನು ಓದಿದೆ. "ನಾನು ಏನೂ ಹೇಳದೆ ಎದ್ದು ಬಂದೆ" ಎಂದು ಬರೆದಿದ್ದೇನೆ. ಅದರಲ್ಲೂ ಕೊನೆಯದೊಂದು ಬಿದ್ದುಹೋಗಿದೆ. ಬಾಗಿಲ ಬಳಿ ನಿಂತು ನಾನು ಭಾವನಿಗೆ "ಆಗಲಿ" ಅಂದೆ. ಅಷ್ಟೇ, ಒಂದು ಮಾತು. ಆ "ಆಗಲಿ" ಇಟ್ಟುಕೊಂಡೇ ಗುರುವಾರ ದುರ್ಗಮ್ಮನಿಗೆ ಮಜ್ಜಿಗೆ ಕೊಟ್ಟೆ. ಸತ್ಯ ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಊರಿಗೆ ಹೋಗಿ ಅದನ್ನು ವಾಪಸು ತೆಗೆದುಕೊಂಡು ಬಂದೆ. ಭಾವ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. "ಶುಕ್ರವಾರ ನಿಜ ಹೇಳಲಾಗುತ್ತದೆ, ನಿಮ್ಮ ತಮ್ಮ ಹೇಳದಿದ್ದರೆ ನಾನು" ಎಂದೆ. ಮುಖ ತಿರುಗಿಸಿ ಒಳಗೆ ಹೋದರು. ರಾಜೇಶ್ವರಕ್ಕ ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡು, "ಅಂದ್ರೆ ಇಂಗ್ಲಿಷ್ ಎಕರೆ ಈಗ ನಮ್ಮ ಮೈದುನಂಗೂ ಅಂಟಿತಾ?" ಎಂದರು. ಆಮೇಲೆ ಹೊರಗೆ ಬಂದು, ಸಭೆಗೆ ತಾನೂ ಬರುವುದಾಗಿ, ತನ್ನ ಪಕ್ಕದಲ್ಲೇ ಕೂರಬೇಕೆಂದು ಹೇಳಿದರು.

ಅಲ್ಲಿಂದ ಆನಂದಪ್ಪನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕುಳಿತಿದ್ದ. ಚೀಟಿಯಲ್ಲಿ ಹಾಗೇ ಇತ್ತು, ನಾನು ಕಣ್ಣಾರೆ ನೋಡಿದೆ ಎಂದೆ. ಯಾರ ತಪ್ಪು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದನ್ನು ನಿಮಗಾಗಿ ಉ‌ಳಿಸಿದ್ದೇನೆ. ಕೀಲಿ ಅವನ ಕೈಗೇ ಕೊಟ್ಟೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇಪ್ಪತ್ತೊಂದಕ್ಕೆ ಪಾಳಿ ಐತಲ್ರಿ" ಎಂದು ಮಾತ್ರ ಹೇಳಿದ.

ಇಲ್ಲಿಂದ ಸೊರಬಕ್ಕೆ ಕಾಗದ ಮುಟ್ಟಲು ಎರಡು ದಿನ ಎನ್ನುತ್ತಾರೆ, ಮೂರು ಎಂದೇ ಹಿಡಿದಿದ್ದೇನೆ. ಇವತ್ತು ಅಂಚೆ ಇಲ್ಲ. ಇದನ್ನು ಪೋಸ್ಟ್ ಮಾಡುವುದು ನಾಳೆ ಬೆಳಿಗ್ಗೆ, 16 ಫೆಬ್ರವರಿ 2026, ಸೋಮವಾರ.